ಹಳೇ ಗಿಟಾರ್, ಹಳೇ ತಂಬೂರಿ: ವರ್ಷ ಕಳೆದ ಹಾಗೆ ಬೆಲೆ ಏರುತ್ತಾ?

ಈ ಸಂಚಿಕೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನ ಆದಷ್ಟು ಹಾಗೇ ಬಿಟ್ಟಿದ್ದೀನಿ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಐರೋಲಿಗೋ ಮಹಾಪೆಗೋ ಆಫೀಸಿಗೆ ಹೋಗುವಾಗ ಓದಿಕೊಳ್ಳಬಹುದು.

ನಮ್ಮ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಕಡೆ ಕನ್ನಡದವರ ಮನೆಗಳಲ್ಲಿ ಎರಡು ಥರದ ಮಾತು ಕೇಳಿಬರುತ್ತೆ. ಒಂದು, ಹೊಸದಾಗಿ ಒಳ್ಳೇ ಸಂಬಳ ಬರುವವರದ್ದು: "ಎರಡು ಲಕ್ಷದ ಸ್ಪ್ಯಾನಿಷ್ ಗಿಟಾರ್ ತಗೋತೀನಿ, ಅದು ಖರ್ಚಲ್ಲ, ಇನ್ವೆಸ್ಟ್‌ಮೆಂಟ್." ಇನ್ನೊಂದು, ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗ್ತಿರೋ ಹಳೇ ಮನೆಯದ್ದು: "ಕಪಾಟಿನ ಮೇಲೆ ಅತ್ತೆಯ ಕಾಲದ ಮಿರಜ್ ತಂಬೂರಿ ಇದೆ, ಏನ್ ಮಾಡೋದು? ಹಳೇದು ಅಲ್ವಾ, ಏನಾದ್ರೂ ಬೆಲೆ ಬರುತ್ತಾ?"

ಎರಡೂ ಒಂದೇ ಪ್ರಶ್ನೆ. ಚಿಕ್ಕ ಉತ್ತರ ಮೊದಲೇ ಹೇಳಿಬಿಡ್ತೀನಿ: ವಯಸ್ಸೊಂದೇ ಯಾವ ವಾದ್ಯದ ಬೆಲೆಯನ್ನೂ ಏರಿಸಲ್ಲ. ಅದನ್ನ ಏರಿಸೋದು ಮಾಡಿದವರ ಹೆಸರು, ಇನ್ನು ಸಿಗದ ಮರ, ಮತ್ತು ಅವೆರಡನ್ನೂ ಸಾಬೀತು ಮಾಡೋ ದಾಖಲೆ. ಮೂರನೆಯದು ಇಲ್ಲದಿದ್ರೆ ಮೊದಲೆರಡಕ್ಕೂ ಬೆಲೆ ಇಲ್ಲ. ಇದು ಹೇಗೆ ಅನ್ನೋದಕ್ಕೆ ಸ್ವಲ್ಪ ಇತಿಹಾಸ ನೋಡೋಣ.

ಪಿಂಗಾಣಿ ಮಾರಿದ ಗಿಟಾರ್ ಮೇಸ್ತ್ರಿ

ಇವತ್ತು ನಾವು ಕ್ಲಾಸಿಕಲ್ ಗಿಟಾರ್ ಅಂತ ಕರೆಯೋ ಆಕಾರವನ್ನ ಗಟ್ಟಿ ಮಾಡಿದವನು ಸ್ಪೇನಿನ ಅಲ್ಮೇರಿಯಾದ ಆಂಟೋನಿಯೋ ದೆ ಟೋರೆಸ್. ಹುಟ್ಟಿದ್ದು 1817, ತೀರಿಕೊಂಡಿದ್ದು 1892. ಗಿಟಾರಿನ ಧ್ವನಿಯೆಲ್ಲ ಮೇಲಿನ ಹಲಗೆಯಲ್ಲೇ ಇದೆ ಅಂತ ಅವನ ವಾದ. ಅದನ್ನ ತೋರಿಸೋಕೆ 1862ರಲ್ಲಿ ಹಿಂಭಾಗ, ಪಕ್ಕಗಳನ್ನೆಲ್ಲ ಕಾಗದದ ರಟ್ಟಿನಲ್ಲಿ ಮಾಡಿ, ಮೇಲೆ ಮಾತ್ರ ಮರ ಹಾಕಿ ಒಂದು ಗಿಟಾರ್ ಮಾಡಿದ. ಅದು ಈಗಲೂ ಬಾರ್ಸಿಲೋನಾದ ಸಂಗೀತ ಮ್ಯೂಸಿಯಂನಲ್ಲಿದೆ.

ಇಷ್ಟು ದೊಡ್ಡ ಕೈಗಾರ 1870ರ ಸುಮಾರಿಗೆ ಏನ್ ಮಾಡ್ತಿದ್ದ ಗೊತ್ತಾ? ಗಿಟಾರ್ ಕೆಲಸ ನಿಲ್ಲಿಸಿ ಊರಲ್ಲಿ ಪಿಂಗಾಣಿ ಸಾಮಾನಿನ ಅಂಗಡಿ ಇಟ್ಟಿದ್ದ! ಕೆಲವು ವರ್ಷ ಆದಮೇಲೆ ಮತ್ತೆ ಗಿಟಾರಿಗೆ ಬಂದ. ಆಗ ಒಂದು ಒಳ್ಳೇ ಕೆಲಸ ಮಾಡಿದ: ಪ್ರತಿ ಗಿಟಾರಿನ ಒಳಗೆ ಅಂಟಿಸೋ ಲೇಬಲ್ ಮೇಲೆ ನಂಬರ್ ಹಾಕೋಕೆ ಶುರು ಮಾಡಿದ. ನೂರು ವರ್ಷದ ನಂತರ, 1987ರಲ್ಲಿ, ಹೋಸೆ ರೊಮಾನಿಲ್ಯೋಸ್ ಅನ್ನೋ ಗಿಟಾರ್ ತಯಾರಕರು ಟೋರೆಸ್‌ನ ಬದುಕು ಮತ್ತು ಉಳಿದಿರೋ ವಾದ್ಯಗಳ ಬಗ್ಗೆ ಪುಸ್ತಕ ತಂದರು. ಯಾವ ಗಿಟಾರ್ ಯಾವ ವರ್ಷದ್ದು, ಯಾವ ಮರದ್ದು ಅನ್ನೋ ಪಟ್ಟಿ ಸಿಕ್ಕಿತು. ಟೋರೆಸ್ ಹೆಸರಿಗೆ ಇವತ್ತು ದೊಡ್ಡ ಬೆಲೆ ಇದೆ ಅಂದ್ರೆ ಅದಕ್ಕೆ ಅವನ ಕೈ ಎಷ್ಟು ಕಾರಣವೋ ಆ ನಂಬರು, ಆ ಪಟ್ಟಿಗಳೂ ಅಷ್ಟೇ ಕಾರಣ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕಮಿಟ್ ಹಿಸ್ಟರಿ ಇರೋ ಕೋಡ್ ಅದು.

ಬಡವರ ಸೈಪ್ರೆಸ್, ನಮ್ಮ ಬೀಟೆ

ಫ್ಲಮೆಂಕೋ ಗಿಟಾರಿನ ಕಥೆ ಇನ್ನೂ ಮಜವಾಗಿದೆ. ಹಡಗಲ್ಲಿ ಬರೋ ಬ್ರೆಜಿಲ್ ರೋಸ್‌ವುಡ್ ದುಬಾರಿ. ಸೈಪ್ರೆಸ್ ಸ್ಪೇನಿನಲ್ಲೇ ಬೆಳೆಯೋ ಅಗ್ಗದ ಮರ. ಹೆಚ್ಚು ದುಡ್ಡಿಲ್ಲದ ಫ್ಲಮೆಂಕೋ ವಾದಕರ ಕೈಗೆ ಹೋಗಿದ್ದು ಈ ಹಗುರಾದ ಹಳದಿ ಸೈಪ್ರೆಸ್ ಗಿಟಾರು. ಮೇಲಿನ ಹಲಗೆಗೆ ಉಗುರಿನಿಂದ ತಟ್ಟಿ ತಟ್ಟಿ ನುಡಿಸ್ತಾರೆ, ಹಾಗಾಗಿ ಅದು ಸವೆಯೋದೂ ಬೇಗ. ಅಂಥದ್ದರಲ್ಲೂ ಸಾಂಟೋಸ್ ಹೆರ್ನಾಂಡೆಸ್, ಡೊಮಿಂಗೋ ಎಸ್ತೆಸೋ ಥರದವರು ಮಾಡಿದ್ದು ಈಗ ಸಂಗ್ರಾಹಕರ ವಸ್ತು. ಅಗ್ಗದ ಮರ ಅಂತ ಬೆಲೆ ಕಡಿಮೆ ಆಗಲಿಲ್ಲ, ಯಾಕೆಂದ್ರೆ ಹೆಸರಿತ್ತು.

ರೋಸ್‌ವುಡ್‌ದು ಉಲ್ಟಾ ಕಥೆ. 1960ರ ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿ ರಫ್ತಿಗೆ ಕಡಿವಾಣ ಹಾಕಿದಾಗ ಗಿಟಾರ್ ಕಂಪನಿಗಳು 'ಇಂಡಿಯನ್ ರೋಸ್‌ವುಡ್' ಕಡೆ ತಿರುಗಿದವು. ಅದು ಯಾವುದು? ನಮ್ಮ ಮಲೆನಾಡಿನ ಬೀಟೆ! ಶಿವಮೊಗ್ಗ, ಚಿಕ್ಕಮಗಳೂರು ಕಡೆಯವರ ಮನೆಯಲ್ಲಿ ಅಜ್ಜನ ಕಾಲದ ಮಂಚಕ್ಕೆ ಹಾಕಿರೋ ಅದೇ ಕರಿ ಮರ. 1992ರಲ್ಲಿ ಬ್ರೆಜಿಲ್ ರೋಸ್‌ವುಡ್ ಅಂತರರಾಷ್ಟ್ರೀಯ ವ್ಯಾಪಾರದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿತು. 2017ರ ಜನವರಿಯಿಂದ ಬೀಟೆಯೂ ಸೇರಿ ಆ ಕುಲದ ಉಳಿದೆಲ್ಲ ಮರಗಳಿಗೂ ಪರವಾನಗಿ ಕಡ್ಡಾಯವಾಯ್ತು. 2019ರ ಕೊನೆಗೆ, ಈ ಎರಡನೇ ಪಟ್ಟಿಯ ಮರದಿಂದ ಮಾಡಿ ಮುಗಿಸಿದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಬ್ರೆಜಿಲ್ ಮರದ ಹಳೇ ಗಿಟಾರಿಗೆ ಈಗಲೂ ಕಾಗದಪತ್ರ ಬೇಕೇ ಬೇಕು. ಅಂದ್ರೆ ಅಪರೂಪದ ಮರ ಬೆಲೆ ಏರಿಸುತ್ತೆ, ಆದ್ರೆ ಕಾಗದ ಇಲ್ಲದಿದ್ರೆ ಆ ವಾದ್ಯ ದೇಶ ದಾಟೋದೇ ಕಷ್ಟ.

ಧ್ವನಿ ಹಣ್ಣಾಗುತ್ತಾ?

"ಹಳೇದಾದಷ್ಟೂ ಧ್ವನಿ ಚೆನ್ನಾಗುತ್ತೆ ಅಲ್ವಾ?" ಅಂತ ಕೇಳ್ತೀರಿ. ಮರ ಒಣಗಿ ಹಗುರಾಗುತ್ತೆ, ಅದು ನಿಜ. ಆದ್ರೆ ಗಿಟಾರಿನ ತೆಳು ಹಲಗೆಯನ್ನ ಆರು ತಂತಿ ಸೇರಿ ಸುಮಾರು 40 ಕೆಜಿ ಬಲದಲ್ಲಿ ಹಗಲು ರಾತ್ರಿ ಎಳೀತಾ ಇರುತ್ತೆ. ಹಲಗೆ ಉಬ್ಬುತ್ತೆ, ಬಿರುಕು ಬಿಡುತ್ತೆ. ಕಮಾನಿನಂತೆ ಕೆತ್ತಿದ ದಪ್ಪ ಹಲಗೆಯ ಪಿಟೀಲಿನಷ್ಟು ತಾಳಿಕೆ ಗಿಟಾರಿಗಿಲ್ಲ.

ಆ ಪಿಟೀಲಿನ ಮೇಲೂ ಒಂದು ಪರೀಕ್ಷೆ ಆಗಿದೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 21 ವಾದಕರಿಗೆ ಏನೂ ಕಾಣದ ಹಾಗೆ ಕನ್ನಡಕ ಹಾಕಿ, ಮೂರು ಹೊಸ ಪಿಟೀಲು, ಮೂರು ಹಳೇ ಇಟಾಲಿಯನ್ ಪಿಟೀಲು ಕೊಟ್ಟು ನುಡಿಸಲು ಹೇಳಿದರು. ಹಳೇದರಲ್ಲಿ ಎರಡು ಸ್ಟ್ರಾಡಿವೇರಿಯಸ್. 2012ರಲ್ಲಿ ಫಲಿತಾಂಶ ಪ್ರಕಟವಾಯ್ತು: ಹೆಚ್ಚು ಜನ ಮೆಚ್ಚಿದ್ದು ಹೊಸದನ್ನೇ. ಕೋಟಿಗಟ್ಟಲೆ ಬೆಲೆ ಇರೋದು ಕಿವಿಗಲ್ಲ ಅಂತ ಇದರಿಂದ ಗೊತ್ತಾಗುತ್ತೆ.

ಈಗ ಮಿರಜಿಗೆ ಬನ್ನಿ

ಊರಿಗೆ ಹೋಗೋಕೆ ಕಲ್ಯಾಣದಲ್ಲಿ ಶರಾವತಿ ಎಕ್ಸ್‌ಪ್ರೆಸ್ ಹತ್ತುವವರೆಲ್ಲ ಮಿರಜ್ ದಾಟಿಯೇ ಬೆಳಗಾವಿ, ಧಾರವಾಡ ಸೇರ್ತೀರಿ. ಆ ಊರಲ್ಲಿ ವಾದ್ಯ ತಯಾರಿಕೆ ಶುರುವಾಗಿದ್ದು 19ನೇ ಶತಮಾನದ ನಡುವಿನಲ್ಲಿ. ಕತ್ತಿ, ಆಯುಧ ಮಾಡ್ತಿದ್ದ ಶಿಕಲಗಾರ ಮನೆತನಗಳು ಆಯುಧಕ್ಕೆ ಗಿರಾಕಿ ಕಡಿಮೆಯಾದಾಗ ತಂಬೂರಿ, ಸಿತಾರ್ ಕಡೆ ಹೊರಳಿದರು. ಮೊದಲಿಗರಾಗಿ ನೆನೆಸಿಕೊಳ್ಳೋದು ಫರೀದ್‌ಸಾಹೇಬ್ ಸಿತಾರ್‌ಮೇಕರ್ ಅವರನ್ನ. ಮಿರಜಿನ ಪಟವರ್ಧನ ಸಂಸ್ಥಾನಿಕರ ಆಶ್ರಯವೂ ಇತ್ತು.

ಮುಂದೆ ಕಿರಾನಾ ಘರಾನೆಯ ಅಬ್ದುಲ್ ಕರೀಂ ಖಾನ್ ಮಿರಜಿನಲ್ಲೇ ನೆಲೆಸಿದರು, 1937ರಲ್ಲಿ ತೀರಿಕೊಂಡ ಮೇಲೆ ಅಲ್ಲಿನ ದರ್ಗಾದ ಅಂಗಳದಲ್ಲೇ ಅವರ ಸಮಾಧಿ ಆಯ್ತು. ಅವರ ಶಿಷ್ಯರು ನಮ್ಮ ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಸ್ವರ ಒಂದು ಕೂದಲೆಳೆಯೂ ಆಚೀಚೆ ಆಗಬಾರದು ಅನ್ನೋ ಈ ಗಾಯಕರಿಗೆ ತಂಬೂರಿ ಅಂದ್ರೆ ಉಸಿರು. ಅಂಥ ಗಿರಾಕಿಗಳು ಇದ್ದಿದ್ದರಿಂದಲೇ ಮಿರಜಿನ ಕೈ ಪಳಗಿತು.

ಸಾಮಗ್ರಿಯಲ್ಲೂ ಕನ್ನಡದ ನಂಟಿದೆ. ದಂಡಿಗೆಯ ಮರ ಕರ್ನಾಟಕದ ಕಾಡಿನಿಂದ ಹೋಗುತ್ತೆ. ಬುರುಡೆ ಬರೋದು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯಿಂದ. ಹೌದು, ಬಿಜ್ಜಳನ ಮಂಗಳವೇಢೆಯೇ. ಇನ್ನು ತಂತಿ ಕೂರೋ ಕುದುರೆಯನ್ನ ಅರದಿಂದ ಉಜ್ಜಿ, ನಾದ ಗುಂಯ್‌ಗುಡುವಂತೆ ಮಾಡೋ ಕೆಲಸಕ್ಕೆ 'ಜವಾರಿ' ಅಂತಾರೆ. ನಮ್ಮ ಉತ್ತರ ಕರ್ನಾಟಕದ ಜವಾರಿ ಕೋಳಿಗೂ ಇದಕ್ಕೂ ಸಂಬಂಧ ಇಲ್ಲ! ತಂತಿ ತಿಕ್ಕಿ ತಿಕ್ಕಿ ಕುದುರೆ ಸವೆಯುತ್ತೆ, ಆಗಾಗ ಜವಾರಿ ಮಾಡಿಸಲೇಬೇಕು. ಮಾಡಿಸದೆ ಇಪ್ಪತ್ತು ವರ್ಷ ಇಟ್ಟ ತಂಬೂರಿ ನೋಡೋಕೆ ತಂಬೂರಿ, ನುಡಿಸಿದ್ರೆ ಬರೀ ಡಬ್ ಡಬ್.

ಹಾಗಾದ್ರೆ ನೂರೈವತ್ತು ವರ್ಷದ ಪರಂಪರೆ ಇದ್ದರೂ ಹಳೇ ಮಿರಜ್ ತಂಬೂರಿಗೆ ಟೋರೆಸ್‌ನಂಥ ಬೆಲೆ ಯಾಕಿಲ್ಲ? ಕೈ ಕಡಿಮೆಯದ್ದು ಅಂತಲ್ಲ. ಯಾರು, ಯಾವ ವರ್ಷ, ಎಷ್ಟನೆಯದು ಅನ್ನೋ ಲೆಕ್ಕ ಸಂಗ್ರಾಹಕರಿಗೆ ಸಿಗಲ್ಲ. ಒಂದು ವಾದ್ಯ ಹಲವು ಕೈ ದಾಟಿ ಆಗುತ್ತೆ, ಅಂಗಡಿಯ ಹೆಸರಲ್ಲಿ ಮಾರಾಟವಾಗುತ್ತೆ. ಸ್ಪೇನಿನಲ್ಲೂ ಹೀಗೆ ನಡೆದಿದೆ. ಸೆಗೋವಿಯಾ ನುಡಿಸಿದ 1912ರ ಗಿಟಾರಿನ ಲೇಬಲ್ ಮೇಲೆ ಇರೋದು ಮಾಲೀಕ ಮಾನುವೆಲ್ ರಾಮಿರೆಸ್ ಹೆಸರು; ಮಾಡಿದ ಕೈ ಸಾಂಟೋಸ್ ಹೆರ್ನಾಂಡೆಸ್‌ದು ಅಂತಾರೆ. ಆದ್ರೆ ಅಲ್ಲಿ ಯಾರೋ ಅದನ್ನ ಹುಡುಕಿ ಬರೆದಿಟ್ಟರು. ಆ ಗಿಟಾರ್ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. 2024ರಲ್ಲಿ ಮಿರಜಿನ ಸಿತಾರ್‌ಗೂ ತಂಬೂರಿಗೂ ಪ್ರತ್ಯೇಕವಾಗಿ ಜಿಐ ಟ್ಯಾಗ್ ಸಿಕ್ಕಿದೆ, ಸಂತೋಷ. ಆದ್ರೆ ಅದರಿಂದ ಊರಿನ ಹೆಸರು ಉಳಿಯುತ್ತೆ; ನಿಮ್ಮ ಮನೆಯ ತಂಬೂರಿ ಯಾರ ಕೈದು ಅಂತ ಅದು ಹೇಳಲ್ಲ.

ಇನ್ನೊಂದು ಕಾರಣ ನಮ್ಮ ಜಾತಿಯವರದ್ದೇ, ಅಂದ್ರೆ ಇಂಜಿನಿಯರುಗಳದ್ದು! 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ತಂದರು. ಆಮೇಲೆ ಮೊಬೈಲ್ ಆ್ಯಪ್ ಬಂತು. ಸಣ್ಣ ಫ್ಲ್ಯಾಟಿನಲ್ಲಿ ಐದಡಿ ತಂಬೂರಿಗೆ ಜಾಗ ಎಲ್ಲಿ?

ಲೆಕ್ಕ ಹಾಕೋಣ

ಎರಡು ಲಕ್ಷವನ್ನ ವರ್ಷಕ್ಕೆ ಶೇ. 7ರಂತೆ ಇಟ್ಟರೆ 20 ವರ್ಷಕ್ಕೆ ಸುಮಾರು 7 ಲಕ್ಷ 74 ಸಾವಿರ. ನಿಮ್ಮ ಗಿಟಾರ್ ಆಗ ಅಷ್ಟಕ್ಕೆ ಹೋದ್ರೆ ಮಾತ್ರ ಅದು ಎಫ್‌ಡಿಗೆ ಸಮ. ಫ್ಯಾಕ್ಟರಿಯ ಗಿಟಾರ್ ಹೋಗಲ್ಲ. ಹೆಸರಾಂತ ಕೈಯದ್ದು ಹೋಗಬಹುದು, ಅದೂ ನಮ್ಮ ಮಳೆಗಾಲದ ತೇವ ತಡೆದುಕೊಂಡು ಬಿರುಕಿಲ್ಲದೆ ಉಳಿದ್ರೆ. ಹಾಗಾಗಿ ಗಿಟಾರ್ ತಗೊಳ್ಳಿ, ನುಡಿಸೋಕೆ ತಗೊಳ್ಳಿ.

ತಂಬೂರಿ ಇರೋ ಮನೆಯವರಿಗೆ ಒಂದು ಮಾತು. ಪೇಟೆಯಲ್ಲಿ ದೊಡ್ಡ ಬೆಲೆ ಬರಲ್ಲ ಅಂತ ರದ್ದಿಯವನಿಗೆ ಕೊಡಬೇಡಿ. ಈ ವಾರವೇ ಕೆಳಗಿಳಿಸಿ. ಬುರುಡೆಯ ಹತ್ತಿರ, ಒಳಗೆ, ಹಿಂದೆ ಲೇಬಲ್ ಇದೆಯಾ ನೋಡಿ, ಫೋಟೋ ತೆಗೀರಿ. ಮನೆಯ ಹಿರಿಯರು ಇರುವಾಗಲೇ ಕೇಳಿ: ಯಾರು ತಂದರು, ಯಾವ ವರ್ಷ, ಮಿರಜಿನ ಯಾರ ಹತ್ತಿರ, ಎಷ್ಟು ಕೊಟ್ಟರು, ಯಾರು ಹಾಡ್ತಿದ್ದರು. ಬರೆದು, ಆ ಚೀಟಿಯನ್ನ ತಂಬೂರಿಯ ಗವಸಿನಲ್ಲೇ ಇಡಿ. ನುಡಿಸದೆ ಇಡೋದಾದ್ರೆ ತಂತಿ ಸಡಿಲ ಮಾಡಿ, ಮಳೆ ನೀರು ಇಳಿಯೋ ಗೋಡೆಗೆ ಒರಗಿಸಬೇಡಿ. ಮುಂದಿನ ಸಲ ಊರಿಗೆ ಹೋಗುವಾಗ ಮಿರಜಿನಲ್ಲಿ ಇಳಿದು ಜವಾರಿ ಮಾಡಿಸಿ. ಆ ಕೆಲಸ ಬಲ್ಲವರ ಮಕ್ಕಳು ಕಸುಬಿನಲ್ಲಿ ಉಳಿಯೋದು ಇಂಥ ಗಿರಾಕಿಗಳಿಂದಲೇ. ನಿಮ್ಮಲ್ಲಿ ಹಾಡುವವರು ಇಲ್ಲದಿದ್ರೆ ಹತ್ತಿರದ ಸಂಗೀತ ಶಾಲೆಗೆ, ಕಲಿಯೋ ಮಗುವಿಗೆ ಕೊಡಿ, ಚೀಟಿಯ ಸಮೇತ.

ಟೋರೆಸ್‌ನ ಹೆಸರು ಇನ್ನೊಬ್ಬರು ಪಟ್ಟಿ ಮಾಡಿದ್ದರಿಂದ ಉಳಿಯಿತು. ಮಿರಜಿನ ಕೈಗಳ ಪಟ್ಟಿಯಲ್ಲಿ ಒಂದು ಸಾಲು ನಿಮ್ಮ ಕಪಾಟಿನ ಮೇಲೇ ಇರಬಹುದು.