ನಾಗವಲ್ಲಿಯೂ ಶೇಷನೂ

2004ರಲ್ಲಿ ಮನೋರೋಗವನ್ನು ಕಥಾವಸ್ತುವಾಗಿಸಿಕೊಂಡ ಎರಡು ಚಿತ್ರಗಳು ತೆರೆಗೆ ಬಂದವು. ಒಂದು, ಕನ್ನಡಿಗರಿಗೆಲ್ಲ ಬಾಯಿಪಾಠವಾಗಿರುವ ‘ಆಪ್ತಮಿತ್ರ’. ಇನ್ನೊಂದು, ಪುಣೆಯ ಸುಮಿತ್ರಾ ಭಾವೆ ಮತ್ತು ಸುನಿಲ್ ಸುಕ್ಥಣಕರ್ ಮರಾಠಿಯಲ್ಲಿ ನಿರ್ದೇಶಿಸಿದ ‘ದೇವರಾಈ’. ಎರಡನೆಯದನ್ನು ನಮ್ಮಲ್ಲಿ ನೋಡಿದವರು ವಿರಳ. ಆದರೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡದೆ, ಇಂಥ ಚಿತ್ರಗಳಲ್ಲಿ ಸ್ವಂತಿಕೆ ಎಲ್ಲಿರುತ್ತದೆ ಎಂಬುದನ್ನು ನಾವು ತೀರ್ಮಾನಿಸಲಾಗದು.

‘ಆಪ್ತಮಿತ್ರ’ದ ಮೂಲ ಫಾಸಿಲ್ ನಿರ್ದೇಶನದ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ (1993). ಅದರ ನಾಯಕಿ ಶೋಭನಾಗೆ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ದೊರೆಯಿತು. ಪಿ. ವಾಸು ಅದನ್ನು ಕನ್ನಡಕ್ಕೆ ತಂದರು. ಬಳಿಕ ತಮಿಳಿನಲ್ಲಿ ‘ಚಂದ್ರಮುಖಿ’ (2005), ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ (2007) ಬಂದವು. ಕಥೆಯನ್ನು ಕಡ ತಂದದ್ದೇ ದೋಷವೆಂದು ನಾವು ಹೇಳುವುದಿಲ್ಲ. ಒಂದೇ ಪ್ರಸಂಗವನ್ನು ನೂರು ಮೇಳಗಳು ಆಡುವ ಯಕ್ಷಗಾನದ ನಾಡಿನವರು ಹಾಗೆ ಹೇಳುವುದು ಸಲ್ಲದು. ತೊಡಕಿರುವುದು ಅಭಿನಯದಲ್ಲಿ. ಮರುನಿರ್ಮಾಣದ ನಟಿಗೆ ಮಾದರಿಯಾಗಿ ಸಿಗುವುದು ರೋಗಿಯಲ್ಲ. ಮತ್ತೊಬ್ಬ ನಟಿ ಆಗಲೇ ಕಟ್ಟಿಕೊಟ್ಟ ರೋಗಿ. ಆ ಇಕ್ಕಟ್ಟಿನಲ್ಲಿಯೂ ಸೌಂದರ್ಯ ಗಂಗೆಯ ಮೃದುತನವನ್ನು ತಮ್ಮದಾಗಿಸಿಕೊಂಡರು. ಚಿತ್ರ ಬಿಡುಗಡೆಯಾಗುವ ಮುನ್ನವೇ, ಅದೇ ಏಪ್ರಿಲ್‌ನಲ್ಲಿ ಅವರು ತೀರಿಕೊಂಡದ್ದರಿಂದ ಆ ಅಭಿನಯವನ್ನು ನಾವು ನಿರ್ಲಿಪ್ತರಾಗಿ ನೋಡಿದ್ದೇ ಇಲ್ಲವೇನೋ.

ಆದರೂ ರೋಮಾಂಚಕ ಚಿತ್ರಕ್ಕೆ ತನ್ನದೇ ಕಟ್ಟುಪಾಡುಗಳಿವೆ. ಅಲ್ಲಿ ರೋಗವೆಂಬುದು ಬೀಗಕ್ಕೆ ಹೊಂದುವ ಕೀಲಿ. ವೈದ್ಯ ರೋಗದ ಹೆಸರು ಹೇಳಿದೊಡನೆ ಕುತೂಹಲ ತಣಿಯುತ್ತದೆ, ಒಂದು ನರ್ತನದ ಬಳಿಕ ರೋಗಿ ಗುಣಮುಖಳಾಗುತ್ತಾಳೆ. ಒಡಲೊಂದರಲ್ಲಿ ಇಬ್ಬರು ಎಂಬ ಈ ಕಲ್ಪನೆಯನ್ನೇ ಜನ ಸ್ಕಿಜೋಫ್ರೀನಿಯಾ ಎಂದೂ ತಿಳಿದಿರುವುದುಂಟು. 1908ರಲ್ಲಿ ಆ ಹೆಸರನ್ನು ಬಳಕೆಗೆ ತಂದ ಸ್ವಿಟ್ಜರ್ಲೆಂಡಿನ ವೈದ್ಯ ಯೂಜೆನ್ ಬ್ಲಾಯ್ಲರ್, ‘ಸೀಳು’ ಮತ್ತು ‘ಮನಸ್ಸು’ ಎಂಬ ಅರ್ಥದ ಗ್ರೀಕ್ ಪದಗಳನ್ನು ಜೋಡಿಸಿದ್ದ. ಅವನ ಮನಸ್ಸಿನಲ್ಲಿದ್ದದ್ದು ಆಲೋಚನೆ, ಭಾವನೆಗಳ ನಡುವಣ ಹೆಣಿಗೆ ಬಿಚ್ಚಿಹೋಗುವುದು, ಇಬ್ಬರು ವ್ಯಕ್ತಿಗಳಲ್ಲ. ಕನ್ನಡದ ‘ಇಚ್ಚಿತ್ತ ವಿಕಲತೆ’ ಎಂಬ ಪದವೂ ಅದೇ ಗೊಂದಲಕ್ಕೆ ಎಡೆಗೊಡುತ್ತದೆ.

ಪುಣೆಯಲ್ಲಿ ಬೇರೆಯದೇ ದಾರಿ ತೆರೆದುಕೊಂಡಿತ್ತು. ಪ್ರಭಾತ್ ಸ್ಟುಡಿಯೋದ ನೆಲದಲ್ಲಿ 1960ರಲ್ಲಿ ಹುಟ್ಟಿದ ಫಿಲ್ಮ್ ಇನ್‌ಸ್ಟಿಟ್ಯೂಟ್ ಅಲ್ಲಿದೆ. ನಮ್ಮ ಗಿರೀಶ ಕಾರ್ನಾಡರು ಎಪ್ಪತ್ತರ ದಶಕದಲ್ಲಿ ಅದರ ನಿರ್ದೇಶಕರಾಗಿದ್ದರು. ಗಿರೀಶ ಕಾಸರವಳ್ಳಿ ಅಲ್ಲಿ ಕಲಿತವರು. ತೊಂಬತ್ತರ ದಶಕದ ಕೊನೆಗೆ ಆ ಕುರ್ಚಿಯಲ್ಲಿ ಕುಳಿತವರು ಡಾ. ಮೋಹನ್ ಆಗಾಶೆ: ‘ಘಾಶೀರಾಮ್ ಕೋತ್ವಾಲ್’ ನಾಟಕದ ನಾನಾ ಫಡಣವೀಸ, ಜೊತೆಗೆ ಮನೋವೈದ್ಯ. ಚಿಕಿತ್ಸಾಲಯವೂ ರಂಗಭೂಮಿಯೂ ಒಬ್ಬರಲ್ಲೇ ಕೂಡಿದ್ದ ಊರು ಅದು. ಸುಮಿತ್ರಾ ಭಾವೆಯವರಾದರೋ ಸಮಾಜಕಾರ್ಯದಿಂದ ಸಿನಿಮಾಕ್ಕೆ ಬಂದವರು. ಸ್ಕಿಜೋಫ್ರೀನಿಯಾ ಕುರಿತು ಅರಿವು ಮೂಡಿಸುವ ಪುಣೆಯ ಸಂಸ್ಥೆಯೊಂದು ‘ದೇವರಾಈ’ಯ ಬೆನ್ನಿಗಿತ್ತು.

ದೇವರಾಈ ಎಂದರೆ ನಮ್ಮ ಕೊಡಗಿನವರು ಹೇಳುವ ದೇವರಕಾಡು. ಕೊಂಕಣದ ಹಳ್ಳಿಯ ಶೇಷನ ಮನಸ್ಸೆಲ್ಲ ಆ ಕಾಡಿನಲ್ಲಿದೆ. ಅವನನ್ನು ನಗರದ ತನ್ನ ಮನೆಗೆ ಕರೆತಂದು ಪೊರೆಯುವವಳು ತಂಗಿ. ಶೇಷನಾದವರು ಬೆಳಗಾವಿಯಲ್ಲಿ ಹುಟ್ಟಿದ ಅತುಲ್ ಕುಲಕರ್ಣಿ. ಮುಂದೆ ‘ಆ ದಿನಗಳು’ ಚಿತ್ರದಲ್ಲಿ ಅವರನ್ನು ನಾವು ಕನ್ನಡದಲ್ಲೂ ಕಂಡೆವು. ಇಲ್ಲಿ ರೋಗದ ಹೆಸರು ಕಥೆಯನ್ನು ಮುಗಿಸುವುದಿಲ್ಲ. ಹೆಸರು ತಿಳಿದ ಮೇಲೂ ನಾಳೆ ಬೆಳಗಾಗುತ್ತದೆ, ಗುಳಿಗೆ ನುಂಗಿಸಬೇಕು, ನೆಂಟರೆದುರು ಮಾತು ತೂಗಬೇಕು, ತಂಗಿಯ ಸಂಸಾರವೂ ಸಾಗಬೇಕು. ಕುಲಕರ್ಣಿಯವರ ಅಭಿನಯದಲ್ಲಿ ಕೆರಳುವ ಗಳಿಗೆಗಳಿಲ್ಲವೆಂದಲ್ಲ. ನಮ್ಮನ್ನು ಹಿಡಿದು ನಿಲ್ಲಿಸುವುದು ಮಾತ್ರ ಶೇಷನ ತನ್ಮಯತೆ. ತನಗೆ ಅರಿವಾದ ಸತ್ಯ ಎದುರಿಗಿರುವವರಿಗೆ ಕಾಣುತ್ತಿಲ್ಲವಲ್ಲ ಎಂಬ ಅವನ ಸಂಕಟ ನೋಡುಗನಿಗೂ ತಗಲುತ್ತದೆ. ರೋಗಿಗೆ ಹೆದರುವ ಬದಲು ರೋಗಿಯ ಹೆದರಿಕೆಯೊಳಕ್ಕೆ ನಾವು ಹೋಗುತ್ತೇವೆ. ಎಂಥ ತಿರುವಿಗಿಂತಲೂ ಇದು ಹೆಚ್ಚು ಸ್ವಂತಿಕೆಯುಳ್ಳದ್ದೆಂದು ನಮ್ಮ ಭಾವನೆ.

ಕನ್ನಡಕ್ಕೆ ಈ ದಾರಿ ಅಪರಿಚಿತವೇನಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ‘ಶರಪಂಜರ’ದಲ್ಲಿ ಆಸ್ಪತ್ರೆಯಿಂದ ಗುಣವಾಗಿ ಮರಳಿದ ಕಾವೇರಿಯನ್ನು ಮತ್ತೆ ಕೆಡವಿದ್ದು ಮನೆಯವರ, ನೆರೆಯವರ ನೋಟ. ಕಲ್ಪನಾ ಅವರ ಕೊನೆಯ ದೃಶ್ಯವನ್ನು ಅತಿಯಾಯಿತೆನ್ನುವವರಿದ್ದಾರೆ. ಆದರೆ ಅದಕ್ಕೂ ಮುನ್ನ, ಎಲ್ಲರಂತೆ ಬಾಳಲು ಆಕೆ ಪಡುವ ಪಾಡನ್ನು ಅವರು ಎಷ್ಟು ಸಣ್ಣ ಸಣ್ಣ ಚಹರೆಗಳಲ್ಲಿ ತೋರಿಸಿದ್ದಾರೆಂಬುದನ್ನು ಮತ್ತೊಮ್ಮೆ ನೋಡಬೇಕು. ಮೂವತ್ತು ವರ್ಷಗಳ ಬಳಿಕ ನಮ್ಮ ಚಿತ್ರರಂಗ ಆ ಎಳೆಯನ್ನು ಬಿಟ್ಟು ಅರಮನೆಯ ಬೀಗ ಹಾಕಿದ ಕೋಣೆಯ ಕಡೆ ನಡೆಯಿತು.

‘ದೇವರಾಈ’ಗೆ ದೊರೆತ ರಾಷ್ಟ್ರಪ್ರಶಸ್ತಿ ಪರಿಸರ ಸಂರಕ್ಷಣೆಯ ವಿಭಾಗದ್ದು, ತೀರ್ಪುಗಾರರ ಕಣ್ಣಿಗೆ ಕಾಡು ಮೊದಲು ಬಿದ್ದಿರಬೇಕು. ಭಾವೆ–ಸುಕ್ಥಣಕರ್ ಜೋಡಿ ಅಲ್ಲಿಗೇ ನಿಲ್ಲಲಿಲ್ಲ. ‘ಅಸ್ತು’ ಚಿತ್ರದಲ್ಲಿ ನೆನಪು ಕಳೆದುಕೊಳ್ಳುತ್ತಿರುವ ಸಂಸ್ಕೃತ ವಿದ್ವಾಂಸನಾಗಿ ಸ್ವತಃ ಮನೋವೈದ್ಯ ಆಗಾಶೆಯವರೇ ನಟಿಸಿದರು. ಖಿನ್ನತೆಗೆ ಸಿಲುಕಿದ ಯುವಕನೊಬ್ಬನ ಕಥೆಯನ್ನು ಕಡಲಾಮೆಗಳ ದಂಡೆಗೆ ಒಯ್ದ ‘ಕಾಸವ್’ 2016ರ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲ ಪಡೆಯಿತು.