ಗೃಹಬಳಕೆಯ ವಿದ್ಯುತ್ ಮತ್ತು ಅನಿಲ ವೆಚ್ಚದ ಅಂದಾಜು

ಗೃಹಬಳಕೆಯ ವಿದ್ಯುತ್ ಮತ್ತು ಅನಿಲ ವೆಚ್ಚದ ಅಂದಾಜು ಎಂದರೆ ಒಂದು ಮನೆಯಲ್ಲಿ ನಿರ್ದಿಷ್ಟ ಅವಧಿಗೆ ವಿದ್ಯುಚ್ಛಕ್ತಿ ಹಾಗೂ ಅಡುಗೆ ಅನಿಲಕ್ಕೆ ತಗಲುವ ಖರ್ಚನ್ನು ಮುಂಚಿತವಾಗಿ ಲೆಕ್ಕ ಹಾಕುವ ಕ್ರಮ. ಉಪಕರಣಗಳ ಸಾಮರ್ಥ್ಯ, ಬಳಕೆಯ ಅವಧಿ, ಚಾಲ್ತಿಯಲ್ಲಿರುವ ದರ, ನಿಗದಿತ ಶುಲ್ಕ, ತೆರಿಗೆ ಮತ್ತು ಸರ್ಕಾರದ ರಿಯಾಯಿತಿಗಳು ಇದಕ್ಕೆ ಆಧಾರ. ಈ ಲೇಖನವು ಕರ್ನಾಟಕದ ಮನೆಗಳಿಗೆ ಅನ್ವಯವಾಗುವ ಲೆಕ್ಕವನ್ನು ವಿವರಿಸುತ್ತದೆ. ಲೆಕ್ಕ ಸುಲಭವಾಗಲೆಂದು ಉದಾಹರಣೆಗಳಲ್ಲಿ ದುಂಡು ದರಗಳನ್ನು ಬಳಸಲಾಗಿದೆ.

## ಅಳತೆಯ ಮಾನಗಳು

ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ. 1000 ವ್ಯಾಟ್ ಸಾಮರ್ಥ್ಯದ ಉಪಕರಣವು ಒಂದು ಗಂಟೆ ನಡೆದರೆ ಒಂದು ಯೂನಿಟ್ ಖರ್ಚಾಗುತ್ತದೆ. ಇದು 3.6 ಮೆಗಾಜೂಲ್ ಶಕ್ತಿಗೆ ಸಮ. ಮನೆಗಳಿಗೆ ಪೂರೈಕೆಯಾಗುವ ದೊಡ್ಡ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ, ಚಿಕ್ಕ ಸಿಲಿಂಡರಿನಲ್ಲಿ 5 ಕಿಲೋಗ್ರಾಂ ದ್ರವೀಕೃತ ಪೆಟ್ರೋಲಿಯಂ ಅನಿಲ (ಎಲ್‌ಪಿಜಿ) ಇರುತ್ತದೆ. ಕೊಳವೆ ಮೂಲಕ ಬರುವ ನೈಸರ್ಗಿಕ ಅನಿಲವನ್ನು ಪ್ರಮಾಣಿತ ಘನ ಮೀಟರ್‌ಗಳಲ್ಲಿ ಅಳೆಯಲಾಗುತ್ತದೆ.

## ವಿದ್ಯುತ್ ಬಳಕೆಯ ಲೆಕ್ಕ

ಉಪಕರಣದ ವ್ಯಾಟ್ ಸಾಮರ್ಥ್ಯವನ್ನು ದಿನದ ಬಳಕೆಯ ಗಂಟೆಗಳಿಂದಲೂ ತಿಂಗಳ ದಿನಗಳಿಂದಲೂ ಗುಣಿಸಿ, 1000ದಿಂದ ಭಾಗಿಸಿದರೆ ತಿಂಗಳ ಯೂನಿಟ್‌ಗಳು ದೊರೆಯುತ್ತವೆ. ಮಧ್ಯಮ ಗಾತ್ರದ ಕುಟುಂಬವೊಂದರ ಮಾದರಿ ಲೆಕ್ಕ ಹೀಗಿರಬಹುದು:

| ಉಪಕರಣ | ದಿನದ ಬಳಕೆ | 30 ದಿನಗಳ ಯೂನಿಟ್ |
|---|---|---|
| ಗೀಸರ್, 2000 ವ್ಯಾಟ್ | 30 ನಿಮಿಷ | 30.0 |
| ಫ್ಯಾನ್ 3, ತಲಾ 75 ವ್ಯಾಟ್ | 8 ಗಂಟೆ | 54.0 |
| ಎಲ್‌ಇಡಿ ಬಲ್ಬ್ 6, ತಲಾ 9 ವ್ಯಾಟ್ | 5 ಗಂಟೆ | 8.1 |
| ಟಿವಿ, 80 ವ್ಯಾಟ್ | 4 ಗಂಟೆ | 9.6 |
| ಮಿಕ್ಸರ್, 750 ವ್ಯಾಟ್ | 15 ನಿಮಿಷ | 5.6 |
| ವೈಫೈ ರೂಟರ್, 10 ವ್ಯಾಟ್ | 24 ಗಂಟೆ | 7.2 |
| ಫ್ರಿಜ್ | ನಿರಂತರ | 20.0 |
| ಒಟ್ಟು | | 134.5 |

ಫ್ರಿಜ್‌ಗೆ ಈ ಸೂತ್ರ ನೇರವಾಗಿ ಹೊಂದುವುದಿಲ್ಲ. ಅದರ ಕಂಪ್ರೆಸರ್ ಆಗಾಗ ನಿಂತು ಮತ್ತೆ ನಡೆಯುವುದರಿಂದ, ಸ್ಟಾರ್ ಲೇಬಲ್‌ನಲ್ಲಿ ನಮೂದಿಸಿರುವ ವಾರ್ಷಿಕ ಯೂನಿಟ್‌ಗಳನ್ನು 12ರಿಂದ ಭಾಗಿಸುವುದು ಸೂಕ್ತ. ನೀರೆತ್ತುವ ಪಂಪ್‌ಗಳ ಮೇಲೆ ನಮೂದಾಗುವ ಅಶ್ವಶಕ್ತಿಯು ಮೋಟಾರು ಹೊರಕ್ಕೆ ಕೊಡುವ ಶಕ್ತಿಯ ಅಳತೆಯಾಗಿದೆ. ಒಂದು ಅಶ್ವಶಕ್ತಿ 746 ವ್ಯಾಟ್‌ಗೆ ಸಮವಾದರೂ ಮೋಟಾರು ಎಳೆದುಕೊಳ್ಳುವ ವಿದ್ಯುತ್ ಅದಕ್ಕಿಂತ ಹೆಚ್ಚು.

## ಬಿಲ್ಲಿನ ಭಾಗಗಳು

ರಾಜ್ಯದಲ್ಲಿ ವಿದ್ಯುತ್ ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿರ್ಧರಿಸುತ್ತದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಮತ್ತು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಗಳು ಮನೆಗಳಿಗೆ ವಿದ್ಯುತ್ ವಿತರಿಸುತ್ತವೆ. ಮೊದಲು ಬಳಕೆ ಹೆಚ್ಚಿದಂತೆ ಹಂತ ಹಂತವಾಗಿ ಏರುವ ದರವಿತ್ತು. 2024ರ ಏಪ್ರಿಲ್‌ನಿಂದ ಗೃಹಬಳಕೆಗೆ ಯೂನಿಟ್‌ಗೆ ₹5.90ರ ಏಕರೂಪ ದರ ಜಾರಿಗೆ ಬಂದಿತು.

ಬಿಲ್ಲಿನಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿರುತ್ತವೆ:

* ವಿದ್ಯುತ್ ಶುಲ್ಕ – ಬಳಸಿದ ಯೂನಿಟ್‌ಗಳಿಗೆ ಅನುಗುಣವಾದ ಮೊತ್ತ.
* ನಿಗದಿತ ಶುಲ್ಕ – ಮನೆಗೆ ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ ವಿಧಿಸುವ ಮೊತ್ತ. ವಿದ್ಯುತ್ ಬಳಸದಿದ್ದರೂ ಅನ್ವಯವಾಗುತ್ತದೆ.
* ಇಂಧನ ಹೊಂದಾಣಿಕೆ ಶುಲ್ಕ – ವಿದ್ಯುತ್ ಖರೀದಿಯ ವೆಚ್ಚಕ್ಕೆ ಅನುಗುಣವಾಗಿ ಏರಿಳಿಯುವ ಮೊತ್ತ.
* ತೆರಿಗೆ – ವಿದ್ಯುತ್ ಶುಲ್ಕದ ಮೇಲೆ ಶೇ. 9.

ಯೂನಿಟ್‌ಗೆ ₹6, ಮಂಜೂರಾದ ಲೋಡ್ 3 ಕಿಲೋವ್ಯಾಟ್, ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ₹120 ಎಂದು ಭಾವಿಸಿದರೆ, 135 ಯೂನಿಟ್‌ಗಳಿಗೆ ವಿದ್ಯುತ್ ಶುಲ್ಕ ₹810, ನಿಗದಿತ ಶುಲ್ಕ ₹360, ತೆರಿಗೆ ಸುಮಾರು ₹73, ಒಟ್ಟು ₹1,243 ಆಗುತ್ತದೆ. ಇಂಧನ ಹೊಂದಾಣಿಕೆ ಶುಲ್ಕವನ್ನು ಬಿಟ್ಟರೂ ಒಂದು ಯೂನಿಟ್‌ನ ನಿಜವಾದ ಬೆಲೆ ₹9 ದಾಟುತ್ತದೆ. ಆದ್ದರಿಂದ ದರಪಟ್ಟಿಯ ಯೂನಿಟ್ ದರವೊಂದರಿಂದಲೇ ಬಿಲ್ಲನ್ನು ಅಂದಾಜಿಸುವುದು ತಪ್ಪಿಗೆ ಎಡೆಮಾಡುತ್ತದೆ.

## ಗೃಹಜ್ಯೋತಿ ಯೋಜನೆಯ ಪರಿಣಾಮ

2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆ ಪಡೆದ ಗೃಹಜ್ಯೋತಿ ಯೋಜನೆಯಡಿ ನೋಂದಾಯಿತ ಮನೆಗಳಿಗೆ ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ದೊರೆಯುತ್ತದೆ. ಆದರೆ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. 2022-23ನೇ ಸಾಲಿನ ತಿಂಗಳ ಸರಾಸರಿ ಬಳಕೆಗೆ ಶೇ. 10ರಷ್ಟು ಸೇರಿಸಿ ಪ್ರತಿ ಮನೆಯ ಅರ್ಹ ಪ್ರಮಾಣವನ್ನು ನಿಗದಿಪಡಿಸಲಾಗಿದೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿ ನೀಡಲು 2024ರಲ್ಲಿ ನಿರ್ಧರಿಸಲಾಯಿತು.

ಅರ್ಹ ಪ್ರಮಾಣದೊಳಗೆ ಬಳಸಿದರೆ ಶೂನ್ಯ ಬಿಲ್ ಬರುತ್ತದೆ. ಅದನ್ನು ಮೀರಿ 200 ಯೂನಿಟ್‌ವರೆಗೆ ಬಳಸಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ಣ ಬಿಲ್ಲನ್ನು ಪಾವತಿಸಬೇಕು. ಹಿಂದಿನ ಸರಾಸರಿ 120 ಯೂನಿಟ್ ಇದ್ದ ಮನೆಯ ಅರ್ಹ ಪ್ರಮಾಣ 132. ಮೇಲಿನ ದರಗಳಲ್ಲಿ ಆ ಮನೆಯು 200 ಯೂನಿಟ್ ಬಳಸಿದರೆ ಹೆಚ್ಚುವರಿ 68 ಯೂನಿಟ್‌ಗಳಿಗೆ ತೆರಿಗೆ ಸೇರಿ ಸುಮಾರು ₹445, 201 ಯೂನಿಟ್ ಬಳಸಿದರೆ ಸುಮಾರು ₹1,675 ತೆರಬೇಕಾಗುತ್ತದೆ.

## ಅನಿಲ ವೆಚ್ಚದ ಲೆಕ್ಕ

ಸಿಲಿಂಡರಿನ ಬೆಲೆಯನ್ನು ಅದು ಬಾಳಿಕೆ ಬಂದ ದಿನಗಳಿಂದ ಭಾಗಿಸಿದರೆ ದಿನದ ಖರ್ಚು ಸಿಗುತ್ತದೆ. ₹900ರ ಸಿಲಿಂಡರ್ 45 ದಿನ ಬಂದರೆ ದಿನಕ್ಕೆ ₹20, ತಿಂಗಳಿಗೆ ₹600. ಒಂದೇ ಸಿಲಿಂಡರಿಗಿಂತ ಮೂರ್ನಾಲ್ಕು ಸಿಲಿಂಡರುಗಳ ಸರಾಸರಿ ಹೆಚ್ಚು ವಿಶ್ವಾಸಾರ್ಹ. ಹಬ್ಬ, ನೆಂಟರ ಆಗಮನ, ಊರಿಗೆ ಹೋದ ದಿನಗಳ ಏರುಪೇರು ಅದರಲ್ಲಿ ಸರಿದೂಗುತ್ತದೆ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ನಮೂದಾಗಿರುತ್ತದೆ. ತೂಗಿದ ಒಟ್ಟು ತೂಕದಿಂದ ಅದನ್ನು ಕಳೆದರೆ ಉಳಿದ ಅನಿಲದ ಪ್ರಮಾಣ ತಿಳಿಯುತ್ತದೆ. ಉಜ್ವಲಾ ಫಲಾನುಭವಿಗಳು ಬ್ಯಾಂಕ್ ಖಾತೆಗೆ ಬರುವ ಸಬ್ಸಿಡಿಯನ್ನು ಬೆಲೆಯಿಂದ ಕಳೆದು ಲೆಕ್ಕ ಹಾಕಬೇಕು. ಬೆಂಗಳೂರಿನಂತಹ ನಗರಗಳಲ್ಲಿ ಕೊಳವೆ ಅನಿಲ ಬಳಸುವವರು ಮೀಟರಿನ ಎರಡು ಓದುಗಳ ವ್ಯತ್ಯಾಸವನ್ನು ದರದಿಂದ ಗುಣಿಸಬಹುದು.

## ಅನಿಲ ಮತ್ತು ವಿದ್ಯುತ್ ಒಲೆಯ ಹೋಲಿಕೆ

ಒಂದು ಕಿಲೋಗ್ರಾಂ ಎಲ್‌ಪಿಜಿಯಲ್ಲಿ ಸುಮಾರು 46 ಮೆಗಾಜೂಲ್ ಶಾಖವಿದೆ. ಅಂದರೆ 14.2 ಕಿಲೋಗ್ರಾಂ ಅನಿಲವು ಸುಮಾರು 181 ಯೂನಿಟ್ ಶಕ್ತಿಗೆ ಸಮ. ಭಾರತೀಯ ಮಾನಕದ ಪ್ರಕಾರ ಗೃಹಬಳಕೆಯ ಅನಿಲ ಒಲೆಗೆ ಇರಬೇಕಾದ ಕನಿಷ್ಠ ದಕ್ಷತೆ ಶೇ. 68. ಹೀಗಾಗಿ ಪಾತ್ರೆಗೆ ತಲುಪುವುದು ಸುಮಾರು 123 ಯೂನಿಟ್. ಇಂಡಕ್ಷನ್ ಒಲೆಯ ದಕ್ಷತೆ ಶೇ. 85 ಎಂದಾದರೆ ಅಷ್ಟೇ ಅಡುಗೆಗೆ ಸುಮಾರು 145 ಯೂನಿಟ್ ವಿದ್ಯುತ್ ಬೇಕು. ಯೂನಿಟ್‌ಗೆ ತೆರಿಗೆ ಸೇರಿ ₹6.54ರಂತೆ ಇದಕ್ಕೆ ಸುಮಾರು ₹948 ಆಗುತ್ತದೆ; ₹900ರ ಸಿಲಿಂಡರಿಗೆ ಹೋಲಿಸಿದರೆ ಅಂತರ ಅಲ್ಪ.

ಆದರೆ ಎರಡು ವೆಚ್ಚಗಳನ್ನು ಒಟ್ಟಿಗೆ ನೋಡಿದಾಗ ಚಿತ್ರ ಬದಲಾಗುತ್ತದೆ. 45 ದಿನಗಳ 145 ಯೂನಿಟ್ ಎಂದರೆ ತಿಂಗಳಿಗೆ ಸುಮಾರು 97 ಯೂನಿಟ್. ಮೇಲಿನ ಮಾದರಿ ಮನೆಯ ಎಲ್ಲ ಅಡುಗೆಯೂ ಇಂಡಕ್ಷನ್‌ಗೆ ಬದಲಾದರೆ ಬಳಕೆ 135ರಿಂದ 232 ಯೂನಿಟ್‌ಗೆ ಏರಿ, ಗೃಹಜ್ಯೋತಿಯ ಮಿತಿ ದಾಟುತ್ತದೆ. ಆಗ ತಿಂಗಳ ಬಿಲ್ ಸುಮಾರು ₹1,877. ಅನಿಲದಲ್ಲೇ ಅಡುಗೆ ಮುಂದುವರಿಸಿದರೆ ಸಿಲಿಂಡರಿನ ಪಾಲು ₹600 ಹಾಗೂ ಹೆಚ್ಚುವರಿ ಮೂರು ಯೂನಿಟ್‌ಗಳ ಸುಮಾರು ₹20 ಸೇರಿ ಖರ್ಚು ₹620ರಷ್ಟೇ. ಯೋಜನೆಯ ವ್ಯಾಪ್ತಿಯಲ್ಲಿಲ್ಲದ ಮನೆಗೆ ಈ ವ್ಯತ್ಯಾಸವಿರುವುದಿಲ್ಲ.

## ಮಿತಿಗಳು

ಉಪಕರಣದ ಮೇಲಿನ ವ್ಯಾಟ್ ಸಂಖ್ಯೆ ಗರಿಷ್ಠ ಸಾಮರ್ಥ್ಯವನ್ನು ಸೂಚಿಸುವುದರಿಂದ ನೈಜ ಬಳಕೆ ಅದಕ್ಕಿಂತ ಕಡಿಮೆ ಇರಬಹುದು. ಬೇಸಿಗೆಯಲ್ಲಿ ಫ್ಯಾನ್, ಚಳಿಗಾಲ ಮತ್ತು ಮಳೆಗಾಲದಲ್ಲಿ ಗೀಸರ್ ಬಳಕೆ ಹೆಚ್ಚುತ್ತದೆ. ಮೀಟರ್ ಓದುವ ದಿನ ಹಿಂದುಮುಂದಾದರೆ ಬಿಲ್ಲಿನ ಅವಧಿಯೂ ಬದಲಾಗುತ್ತದೆ. ಆದ್ದರಿಂದ ಒಟ್ಟು ಯೂನಿಟ್‌ಗಳನ್ನು ಬಿಲ್ಲಿನ ದಿನಗಳಿಂದ ಭಾಗಿಸಿ, 30ರಿಂದ ಗುಣಿಸಿ ಹೋಲಿಸುವುದು ಸರಿಯಾದ ಕ್ರಮ. ದರಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಇತ್ತೀಚಿನ ಬಿಲ್ಲಿನಲ್ಲಿರುವ ದರವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.