ದಮ್ಮು ಮತ್ತು ಆರು ನಿಮಿಷದ ನಡಿಗೆ

ಹೈದರಾಬಾದಿನ ನಾರಾಯಣಗೂಡದಲ್ಲಿ ಮೇಲ್ಕೋಟೆ ಪಾರ್ಕ್ ಇದೆ. ಬೆಳಗ್ಗೆ ಅಲ್ಲಿ ನಡೆಯುವವರದೇ ಸಾಲು. ಪಾರ್ಕಿನ ಹೆಸರಿನ ಹಿಂದಿರುವವರು ಡಾ. ಜಿ. ಎಸ್. ಮೇಲ್ಕೋಟೆ: ವೃತ್ತಿಯಿಂದ ವೈದ್ಯರು, ಸ್ವಾತಂತ್ರ್ಯ ಹೋರಾಟಗಾರರು, 1952ರಲ್ಲಿ ಹೈದರಾಬಾದ್ ರಾಜ್ಯದ ಹಣಕಾಸು ಮಂತ್ರಿ, 1957ರಲ್ಲಿ ರಾಯಚೂರಿನಿಂದ ಲೋಕಸಭೆಗೆ ಆಯ್ಕೆಯಾದವರು. ಅವರು ವೈದ್ಯಕೀಯ ಓದುತ್ತಿದ್ದ ಕಾಲದಲ್ಲಿ, ಏದುಸಿರು ಬಿಡುವ ರೋಗಿಗೆ ‘ಪಾರ್ಕಿಗೆ ಹೋಗಿ ನಡೆಯಿರಿ’ ಎನ್ನುವ ವೈದ್ಯರು ವಿರಳ. ಅಂದಿನ ಮದ್ದು ವಿಶ್ರಾಂತಿ.

ಈ ಸೀಮೆಯ ಮಾತಿನಲ್ಲಿ ‘ದಮ್ಮು’ ಎಂದರೆ ಉಸಿರು. ಉಸಿರಿನ ರೋಗವೂ ದಮ್ಮೇ. ‘ದಮ್ಮಿದ್ದರೆ ಬಾ’ ಎಂದಾಗ ಅದೇ ಮಾತು ತಾಕತ್ತು. ಪಾರಸಿಯಿಂದ ಬಂದ ಪದವೊಂದು ಮೂರನ್ನೂ ಹೊತ್ತಿದೆ. ಉಸಿರಿಗೂ ತಾಕತ್ತಿಗೂ ಇರುವ ಈ ನಂಟನ್ನು ವೈದ್ಯಶಾಸ್ತ್ರ ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು.

ಮೊದಲ ಅನುಮಾನ ಕ್ಷಯದ ಆರೋಗ್ಯಧಾಮಗಳಲ್ಲಿ ಮೂಡಿತು. ಇಂಗ್ಲೆಂಡಿನ ಫ್ರಿಮ್ಲಿಯಲ್ಲಿ 1905ರಿಂದ ಮಾರ್ಕಸ್ ಪ್ಯಾಟರ್ಸನ್ ತಮ್ಮ ರೋಗಿಗಳನ್ನು ಮೊದಲು ನಡೆಸಿದರು, ಆಮೇಲೆ ಮಣ್ಣಿನ ಬುಟ್ಟಿ ಹೊರಿಸಿದರು, ಕೊನೆಗೆ ಸಲಿಕೆ ಹಿಡಿಸಿದರು. ಆದರೆ ಸಿಒಪಿಡಿಯಂಥ ರೋಗಗಳಲ್ಲಿ ವಿಶ್ರಾಂತಿಯ ಮಾತೇ ನಡೆಯುತ್ತಿತ್ತು. 1952ರಲ್ಲಿ ಅಮೆರಿಕದ ಆಲ್ವನ್ ಬರಾಕ್, ಆಮ್ಲಜನಕ ಕೊಟ್ಟು ನಡೆಸಿದ ಇಬ್ಬರು ರೋಗಿಗಳು ಕ್ರಮೇಣ ಅದಿಲ್ಲದೆಯೂ ನಡೆಯಬಲ್ಲವರಾದದ್ದನ್ನು ದಾಖಲಿಸಿದರು. 1960ರ ದಶಕದಲ್ಲಿ ಡೆನ್ವರ್‌ನ ಥಾಮಸ್ ಪೆಟ್ಟಿ ಇದನ್ನೊಂದು ಚಿಕಿತ್ಸಾಕ್ರಮವಾಗಿ ಬೆಳೆಸಿದರು.

ಕಾರಣ ಸರಳ. ಉಸಿರು ಕಟ್ಟುತ್ತದೆಂದು ರೋಗಿ ಕೂರುತ್ತಾನೆ. ಕೂತಷ್ಟೂ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ಬೇಗ ದಣಿದು ಲ್ಯಾಕ್ಟಿಕ್ ಆಮ್ಲ ಕೂಡಿಸುತ್ತದೆ. ಅದನ್ನು ಸರಿದೂಗಿಸಲು ಉಸಿರಾಟ ಇನ್ನಷ್ಟು ಏರುತ್ತದೆ. 1991ರಲ್ಲಿ ರಿಚರ್ಡ್ ಕ್ಯಾಸಬೂರಿ ಮತ್ತು ಸಂಗಡಿಗರು, ತರಬೇತಿಯಿಂದ ಅದೇ ಕೆಲಸಕ್ಕೆ ಈ ಆಮ್ಲವೂ ಉಸಿರಾಟದ ಹೊರೆಯೂ ತಗ್ಗುವುದನ್ನು ತೋರಿಸಿದರು. ಕೆಟ್ಟ ಶ್ವಾಸಕೋಶ ಸರಿಹೋಗಲಿಲ್ಲ. ಕಾಲು ಗಟ್ಟಿಯಾಗಿ ಅದರ ಭಾರ ಇಳಿಸಿತು.

ನಡಿಗೆಗೆ ಅಳತೆಯೂ ಬೇಕಿತ್ತು. 1968ರಲ್ಲಿ ಕೆನ್ನೆತ್ ಕೂಪರ್ ವಾಯುಪಡೆಯವರಿಗೆಂದು ಹನ್ನೆರಡು ನಿಮಿಷದ ಓಟದ ಪರೀಕ್ಷೆ ತಂದರು. 1976ರಲ್ಲಿ ಬ್ರಿಟನ್ನಿನ ವೈದ್ಯರು ಅದನ್ನು ರೋಗಿಗಳಿಗಾಗಿ ನಡಿಗೆಯಾಗಿಸಿದರು. 1982ರಲ್ಲಿ ಆರು ನಿಮಿಷವೂ ಸಾಕು ಎಂದು ಕಂಡಿತು. ಏದುಸಿರನ್ನು ರೋಗಿಯೇ 0ಯಿಂದ 10ರವರೆಗೆ ಅಳೆಯುವ ಬೋರ್ಗ್ ಪಟ್ಟಿಯೂ ಅದೇ ವರ್ಷದ್ದು.

ತೂಕದ ಕಥೆ ಇನ್ನೂ ತೊಡಕಿನದು. ಸ್ಥೂಲದೇಹದಲ್ಲಿ ಹೊಟ್ಟೆ ವಪೆಯನ್ನು ಮೇಲೆ ತಳ್ಳಿ ಉಸಿರಿಗೆ ಅಡ್ಡಿಯಾಗುತ್ತದೆ. ಹಾಗೆಂದು ಎಲ್ಲರೂ ತೂಕ ಇಳಿಸುವುದು ಸರಿಯಲ್ಲ. 2004ರಲ್ಲಿ ಬಾರ್ತೊಲೊಮೆ ಸೆಲ್ಲಿ ಮತ್ತು ಸಂಗಡಿಗರು ಸಿಒಪಿಡಿ ರೋಗಿಯ ಮುಂದಿನ ದಿನಗಳನ್ನು ಅಂದಾಜಿಸಲು ‘ಬೋಡ್’ ಸೂಚಿಯನ್ನು ರೂಪಿಸಿದರು. ಅದರಲ್ಲಿ ಉಸಿರಿನ ಅಡಚಣೆ, ಏದುಸಿರುಗಳ ಜತೆಗೆ ಆರು ನಿಮಿಷದ ನಡಿಗೆಯೂ ಬಿಎಂಐಯೂ ಇವೆ. 350 ಮೀಟರ್‌ಗಿಂತ ಕಡಿಮೆ ನಡೆದರೆ ಅಪಾಯದ ಅಂಕ. ಬಿಎಂಐ 21 ಅಥವಾ ಅದಕ್ಕಿಂತ ಕೆಳಗಿದ್ದರೂ ಅಪಾಯದ ಅಂಕ. ಏಕೆಂದರೆ ಕರಗುವುದು ಬೊಜ್ಜಷ್ಟೇ ಅಲ್ಲ, ಸ್ನಾಯುವೂ. ಬೊಜ್ಜಿದ್ದವರೂ ಉಪವಾಸಕ್ಕಿಳಿಯದೆ ನಿಧಾನವಾಗಿ ಇಳಿಸಬೇಕು. ಬೇಳೆ, ಮೊಸರು, ಮೊಟ್ಟೆ ತಟ್ಟೆಯಲ್ಲಿರಬೇಕು. ಹೊಟ್ಟೆ ಬಿರಿಯುವಂತೆ ಉಣ್ಣುವ ಬದಲು ಸ್ವಲ್ಪ ಸ್ವಲ್ಪ, ಹಲವು ಸಲ ಉಂಡರೆ ಉಸಿರಿಗೂ ಹಗುರ.

ಪಾರ್ಕಿನ ಕಡೆ ಹೊರಡುವ ರೋಗಿಗೆ ಈ ಇತಿಹಾಸ ಕೊಡುವ ಬುದ್ಧಿಮಾತು ಚಿಕ್ಕದು. ಮೊದಲು ವೈದ್ಯರಿಂದ ತಪಾಸಣೆ, ಜೇಬಿನಲ್ಲಿ ಇನ್ಹೇಲರ್. ಚಳಿಗಾಲದ ಮುಂಜಾನೆ ಹೊಗೆ ಕವಿದಿದ್ದರೆ ಬಿಸಿಲೇರಿದ ಮೇಲೆ ಹೋಗಬಹುದು, ಇಲ್ಲವೇ ಮನೆಯ ಪಡಸಾಲೆಯಲ್ಲೇ ನಡೆಯಬಹುದು. ಏದುಸಿರು ಬರಬೇಕು, ಆದರೆ ಒಂದೆರಡು ಮಾತಾಡಲು ಆಗುವಷ್ಟಿರಬೇಕು. ಉಬ್ಬಿದಾಗ ಸೀಟಿ ಹೊಡೆಯುವಂತೆ ತುಟಿ ಕೂಡಿಸಿ ನಿಧಾನವಾಗಿ ಉಸಿರು ಬಿಡಬೇಕು. ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಬೇಕು. ತುಟಿ ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅರ್ಧ ಸುತ್ತು ಹಾಕಿ ಬೆಂಚಿನ ಮೇಲೆ ಕೂತು, ಸುಧಾರಿಸಿಕೊಂಡು ಇನ್ನರ್ಧ ಮುಗಿಸಿದರೂ ಅದು ಒಂದು ಸುತ್ತೇ. ಆರು ನಿಮಿಷದ ಪರೀಕ್ಷೆಯಲ್ಲೂ ನಡುವೆ ನಿಂತು ದಮ್ಮು ತೆಗೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ.